ಮಳೆಗಾಲದ ಕೋವಿಗೆ ಯಾವ ಎಣ್ಣೆ?

ಕೇಳುಗರಿಗೆ ನಮಸ್ಕಾರ.

ಸೆಪ್ಟೆಂಬರ್ 3 ಕೊಡಗಿನಲ್ಲಿ ಕೈಲ್ ಪೊಳ್ದ್. ಮನೆಯ ಕೋವಿಗಳನ್ನೆಲ್ಲ ಸಾಲಾಗಿ ಇಟ್ಟು, ಗಂಧ ಕುಂಕುಮ ಹಚ್ಚಿ, ನಳಿಗೆಗೆ ತೋಕ್ ಪೂ ಮುಡಿಸಿ ಪೂಜೆ ಮಾಡುವ ದಿನ. ತೋಕ್ ಪೂ ಅಂದರೆ ಬೇರೆ ಕಡೆ ಗೌರಿ ಹೂ, ಅಗ್ನಿಶಿಖೆ ಅನ್ನುತ್ತಾರಲ್ಲ, ಅದೇ. ಪೂಜೆಯಾಗಿ ನಾಲ್ಕೈದು ದಿನ ಬಿಟ್ಟು ಆ ಕೋವಿಯನ್ನು ಬೆಳಕಿಗೆ ಹಿಡಿದು ನೋಡಿ. ಗಂಧದ ಬೊಟ್ಟು ಇದ್ದ ಜಾಗದಲ್ಲಿ ನಾಣ್ಯದಗಲ ಒಂದು ಕಂದು ಕಲೆ. ಹೂವಿನ ದಾರ ಸುತ್ತಿದ್ದ ಕಡೆ ಉಂಗುರದಂತೆ ತುಕ್ಕು. ಗಂಧ ತೇಯ್ದದ್ದು ನೀರಿನಲ್ಲಿ, ಹೂವಿನ ದಂಟಿನಲ್ಲೂ ನೀರು, ದಾರ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ಇನ್ನೂ ಮಳೆ ನಿಂತಿಲ್ಲ. ಹಾಗಾಗಿ ಪೂಜೆಯ ದಿನ ಸಂಜೆಯೇ ಹೂವು ತೆಗೆದು, ಒದ್ದೆ ಬಟ್ಟೆಯಲ್ಲಿ ಗಂಧ ಕುಂಕುಮ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ, ಎಣ್ಣೆ ಕೈ ಆಡಿಸಬೇಕು. ಆಯುಧಪೂಜೆಗೆ ಕೋವಿ ಇಡುವ ಮಲೆನಾಡಿನ ಮನೆಗಳಿಗೂ ಇದೇ ಮಾತು.

ಸರಿ, ಯಾವ ಎಣ್ಣೆ? ಕೋವಿಗೆಂದೇ ಡಬ್ಬಿಯಲ್ಲಿ ಬರುವ ವಿದೇಶಿ ಎಣ್ಣೆಗಳು ಒಳ್ಳೆಯವೇ. ಜರ್ಮನಿಯ ಬ್ಯಾಲಿಸ್ಟಾಲ್ 1904ರಿಂದ ಇದೆ. ಆದರೆ ಕಾಳುಮೆಣಸು, ಅಡಿಕೆ, ಭತ್ತ ಕಾಯಲು ಒಂದು 12 ಬೋರಿನ ತೋಟೆ (ಕಾರ್ಟ್ರಿಜ್) ಕೋವಿ ಇಟ್ಟುಕೊಂಡಿರುವ ಬೆಳೆಗಾರರು ಅಷ್ಟು ದುಡ್ಡು ಸುರಿಯಬೇಕಾಗಿಲ್ಲ. ಬೈಕ್ ಗ್ಯಾರೇಜಿನ ಪಕ್ಕದ ಆಯಿಲ್ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಅಂಗಡಿಯಲ್ಲಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಮೂರು ನಾಲ್ಕು ಸಾಮಾನಿನಿಂದ ಕೆಲಸ ಪೂರ್ತಿಯಾಗುತ್ತದೆ. ಯಾವುದು ಎಲ್ಲಿಗೆ ಅನ್ನುವುದು ಮಾತ್ರ ಗೊತ್ತಿರಬೇಕು.

ಕೋವಿಯಲ್ಲಿ ಎಣ್ಣೆಗೆ ಎರಡು ಕೆಲಸ. ಲೋಹಕ್ಕೆ ಲೋಹ ಉಜ್ಜುವಲ್ಲಿ ಜಾರಿಸುವುದು ಒಂದು. ಗಾಳಿಯ ತೇವ ಉಕ್ಕಿಗೆ ತಾಗದಂತೆ ಪೊರೆಯಾಗಿ ನಿಲ್ಲುವುದು ಇನ್ನೊಂದು. ಜೋಡಿ ನಳಿಗೆಯ ಕೋವಿಯಲ್ಲಿ ಚಲಿಸುವ ಭಾಗ ಕಡಿಮೆ. ವರ್ಷಕ್ಕೆ ಹತ್ತಿಪ್ಪತ್ತು ಗುಂಡು ಹೊಡೆದರೆ ಅದೇ ಹೆಚ್ಚು. ಉಜ್ಜಿ ಸವೆದು ಹಾಳಾದ ಕೋವಿಗಿಂತ ಗೋಡೆಗೆ ಒರಗಿ ನಿಂತಲ್ಲೇ ತುಕ್ಕು ತಿಂದ ಕೋವಿಗಳೇ ನಮ್ಮಲ್ಲಿ ಜಾಸ್ತಿ. ಗಾಳಿಯ ತೇವಾಂಶ ನೂರಕ್ಕೆ 60 ದಾಟಿತೆಂದರೆ ಬರಿ ಉಕ್ಕು ಬೇಗ ಬೇಗ ತುಕ್ಕು ಹಿಡಿಯತೊಡಗುತ್ತದೆ. ಭಾಗಮಂಡಲದಲ್ಲೋ ಆಗುಂಬೆಯಲ್ಲೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು 90ರ ಆಸುಪಾಸಿನಲ್ಲೇ ಇರುತ್ತದೆ. ಆದ್ದರಿಂದ ನಮಗೆ ಎರಡನೆಯ ಕೆಲಸವೇ ಮುಖ್ಯ.

ಮೊದಲು ಬೇಡದ್ದನ್ನು ಹೇಳಿಬಿಡುತ್ತೇನೆ. ತೆಂಗಿನೆಣ್ಣೆ ಮನೆಯಲ್ಲೇ ಇದೆ ಅಂತ ಕೈ ಅದಕ್ಕೇ ಹೋಗುತ್ತದೆ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನಲ್ಲಿ, ಹಗಲು ಹೊತ್ತೂ ಅಷ್ಟು ಸೆಖೆ ಇರುವುದಿಲ್ಲ. ಟ್ರಿಗರ್ ಒಳಗಿನ ಯಂತ್ರಕ್ಕೆ ತೆಂಗಿನೆಣ್ಣೆ ಬಿಟ್ಟರೆ ಅಲ್ಲೇ ಮೇಣವಾಗಿ ಕೂರುತ್ತದೆ, ತೋಟೆ ಹೊತ್ತಿಸಲು ಬಡಿಯುವ ಕುದುರೆ ನಿಧಾನಕ್ಕೆ ಬೀಳುತ್ತದೆ, ತೋಟೆ ಠುಸ್ಸೆನ್ನುತ್ತದೆ. ಹಳತಾದ ಮೇಲೆ ಕಮಟು ಬಂದು ಹುಳಿಯಾಗುತ್ತದೆ. ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತದೆ. ಹರಳೆಣ್ಣೆ, ಸೂರ್ಯಕಾಂತಿ ಎಣ್ಣೆ ಕಾಲ ಕಳೆದಂತೆ ಅಂಟಾಗುತ್ತವೆ. ಸೀಮೆಎಣ್ಣೆ, ಡೀಸೆಲ್ ತೊಳೆಯಲು ಸರಿ, ಕಾಯಲು ಅಲ್ಲ. ಸೀಮೆಎಣ್ಣೆ ಆರಿಹೋದ ಮೇಲೆ ಲೋಹದ ಮೇಲೆ ಹೇಳಿಕೊಳ್ಳುವಂಥದ್ದೇನೂ ಉಳಿಯುವುದಿಲ್ಲ. ಡಬ್ಲ್ಯೂಡಿ-40 ಕೂಡ ಹೆಚ್ಚುಕಡಿಮೆ ಇದೇ ಜಾತಿ. 1953ರಲ್ಲಿ ಅಮೆರಿಕದಲ್ಲಿ ಅದನ್ನು ಮಾಡಿದ್ದೇ ನೀರನ್ನು ಓಡಿಸಲು. ಮಳೆಯಲ್ಲಿ ನೆನೆದು ಬಂದ ಕೋವಿಗೆ ಅಂದಿನ ಮಟ್ಟಿಗೆ ಅದು ಒಳ್ಳೆಯದು. ಅದರ ಬಹುಪಾಲು ಹಾರಿಹೋಗುತ್ತದೆ, ಉಳಿಯುವ ಪೊರೆ ತೀರ ತೆಳು. ಅದನ್ನೇ ನಂಬಿ ಕೋವಿಯನ್ನು ಎರಡು ತಿಂಗಳು ಎತ್ತಿಡಬೇಡಿ.

ಇನ್ನೊಂದು, ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುವ ಕರಿ ಎಣ್ಣೆ. ದಯವಿಟ್ಟು ಬೇಡ. ಎಂಜಿನ್‌ನಲ್ಲಿ ಬೆಂದು ಬಂದ ಎಣ್ಣೆಯಲ್ಲಿ ಆಮ್ಲ, ನೀರು, ಮಸಿ, ಲೋಹದ ಪುಡಿ ಎಲ್ಲ ಸೇರಿರುತ್ತದೆ. ತುಕ್ಕು ತಡೆಯುವ ಬದಲು ತುಕ್ಕಿಗೆ ಬೀಜ ಹಾಕಿದ ಹಾಗೆ. ಚರ್ಮಕ್ಕೂ ಅದು ಕೆಟ್ಟದ್ದು.

ಅದೇ ಎಣ್ಣೆಯ ಹೊಸ ಡಬ್ಬಿ ಮಾತ್ರ ನಿಜವಾದ ಉಳಿತಾಯ. ಬೈಕಿಗೆ ಹಾಕುವ 20ಡಬ್ಲ್ಯೂ-40 ಅಥವಾ 10ಡಬ್ಲ್ಯೂ-30 ಎಂಜಿನ್ ಆಯಿಲ್‌ನಲ್ಲಿ ಸವೆತ ತಡೆಯುವ, ತುಕ್ಕು ತಡೆಯುವ, ಆಮ್ಲ ಕೊಲ್ಲುವ ರಾಸಾಯನಿಕಗಳನ್ನು ಕಂಪನಿಯೇ ಬೆರೆಸಿರುತ್ತದೆ. ಲೀಟರಿಗೆ 400 ರೂಪಾಯಿ ಆಸುಪಾಸು. ಒಂದು ಸಲ ಕೋವಿ ಒರೆಸಲು 3 ಮಿಲಿ ಸಾಕು. ಅಂದರೆ ಒಂದು ಲೀಟರ್ 300 ಸಲಕ್ಕೂ ಮಿಕ್ಕಿ ಬರುತ್ತದೆ. ನಾಲ್ಕು ಮನೆಯವರು ಸೇರಿ ಒಂದು ಲೀಟರ್ ತಂದು ಹಂಚಿಕೊಂಡರೂ ವರ್ಷಗಟ್ಟಲೆ ಮುಗಿಯದು. ನಳಿಗೆಯ ಹೊರಮೈಗೆ, ಒಳಮೈಗೆ ಇದೇ ನನ್ನ ಮೊದಲ ಆಯ್ಕೆ.

ಹೊಲಿಗೆ ಯಂತ್ರದ ಎಣ್ಣೆ ತೆಳು, ತಿಳಿ, ಅಂಟಾಗುವುದಿಲ್ಲ. ಟ್ರಿಗರ್, ಸೇಫ್ಟಿ, ಕೋವಿ ಮುರಿಯುವ (ಅಂದರೆ ನಳಿಗೆ ಬಾಗಿಸಿ ತೆರೆಯುವ) ಲಿವರ್‌ನ ಸಂದಿಗೆ ಒಂದೊಂದು ತೊಟ್ಟು ಬಿಡಲು ಇದಕ್ಕಿಂತ ಹೇಳಿ ಮಾಡಿಸಿದ್ದು ಇಲ್ಲ. ಆದರೆ ಅದರಲ್ಲಿ ತುಕ್ಕು ತಡೆಯುವ ಬೆರಕೆ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಹೊರಮೈಗೆ ಅದೊಂದನ್ನೇ ನೆಚ್ಚಿಕೊಳ್ಳುವುದು ಬೇಡ. ಕೋವಿ ಮುರಿಯುವಾಗ ನಳಿಗೆ ತಿರುಗುವ ದಪ್ಪ ಪಿನ್ನಿಗೆ ಎಣ್ಣೆ ನಿಲ್ಲುವುದಿಲ್ಲ. ಅಲ್ಲಿಗೆ ಬೇರಿಂಗಿಗೆ ಹಾಕುವ ಎಪಿ-3 ಗ್ರೀಸ್, ಅದೂ ಉದ್ದಿನಕಾಳಿನಷ್ಟು. ಆ ಪಿನ್ನು ಒಣಗಿ ಸವೆದರೆ ನಳಿಗೆ ಅಲುಗಾಡತೊಡಗುತ್ತದೆ, ಅದರ ರಿಪೇರಿ ದುಬಾರಿ.

ಟ್ರ್ಯಾಕ್ಟರಿನ ಪವರ್ ಸ್ಟಿಯರಿಂಗಿಗೆ ಹಾಕುವ ಕೆಂಪು ಎಣ್ಣೆ, ಎಟಿಎಫ್ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್), ಇನ್ನೊಂದು ಒಳ್ಳೆಯ ಸಾಮಾನು. ಅಮೆರಿಕದ ಎಡ್ ಹ್ಯಾರಿಸ್ ಎನ್ನುವವರು ಎಟಿಎಫ್, ಸೀಮೆಎಣ್ಣೆ, ಟರ್ಪೆಂಟೈನ್ ಬದಲಿ ದ್ರಾವಕ, ಅಸಿಟೋನ್ ನಾಲ್ಕನ್ನೂ ಸಮಪಾಲು ಬೆರೆಸಿ ನಳಿಗೆ ತೊಳೆಯುವ ಒಂದು ದ್ರವವನ್ನು ಬಳಕೆಗೆ ತಂದರು. ಎಡ್ಸ್ ರೆಡ್ ಅಂತ ಅದಕ್ಕೆ ಹೆಸರು. ನಮ್ಮಲ್ಲಿ ಅಸಿಟೋನ್ ಬಿಟ್ಟೇ ಮಾಡುವುದು ಲೇಸು. ಅದು ಮರದ ಹಿಡಿಯ ಪಾಲಿಶ್ ತಿನ್ನುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ. 100 ಮಿಲಿ ಎಟಿಎಫ್, 100 ಮಿಲಿ ಸೀಮೆಎಣ್ಣೆ, ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ 100 ಮಿಲಿ, ಇಷ್ಟೇ. ಅಂಗಳದಲ್ಲಿ, ಒಲೆ ಬೀಡಿಯಿಂದ ದೂರ, ಗಾಜಿನ ಬಾಟಲಿಯಲ್ಲಿ ಬೆರೆಸಿ, ಮೇಲೆ ಹೆಸರು ಬರೆದಿಡಿ. ಮಕ್ಕಳ ಕೈಗೆ ಕೆಂಪು ಶರಬತ್ತಿನಂತೆ ಕಾಣುವ ವಸ್ತು ಅದು.

ಯಾವ ಎಣ್ಣೆ ನಿಮ್ಮ ಊರಿನ ಮಳೆಗೆ ನಿಲ್ಲುತ್ತದೆ ಅನ್ನುವುದನ್ನು ಯಾರ ಮಾತೂ ಕೇಳದೆ ನೀವೇ ನೋಡಬಹುದು. ಎರಡು ಇಂಚಿನ ಆರು ಹೊಸ ಮೊಳೆ ತನ್ನಿ. ಮರಳು ಕಾಗದದಿಂದ ಉಜ್ಜಿ ಹೊಳಪು ಬರಿಸಿ, ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಅಂಟುತ್ತದೆ. ಒಂದನ್ನು ಹಾಗೇ ಬಿಡಿ. ಉಳಿದ ಐದಕ್ಕೆ ಸೀಮೆಎಣ್ಣೆ, ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಎಂಜಿನ್ ಆಯಿಲ್, ವ್ಯಾಸಲೀನ್ ಹಚ್ಚಿ, ಕೋವಿಯನ್ನು ಒರೆಸುವಷ್ಟೇ ತೆಳುವಾಗಿ ಒರೆಸಿ. ಸೂರಿನ ಕೆಳಗೆ, ಮಳೆ ನೇರ ಬಡಿಯದೆ ಇರಿಚಲು ಬರುವ ಜಾಗದಲ್ಲಿ ದಾರ ಕಟ್ಟಿ ನೇತುಹಾಕಿ. ಬೆಳಿಗ್ಗೆ ಸಂಜೆ ನೋಡುತ್ತಿರಿ. ಬರಿ ಮೊಳೆ ಮೊದಲು ಕೆಂಪಾಗುತ್ತದೆ, ಅದರ ಬೆನ್ನಿಗೇ ಸೀಮೆಎಣ್ಣೆಯದ್ದು. ವ್ಯಾಸಲೀನ್ ಮೊಳೆ ಕೊನೆಯವರೆಗೂ ನಿಲ್ಲುವ ಪೈಕಿ. ನಡುವಿನ ಮೂರರ ಸರದಿ ನಿಮ್ಮ ಜಾಗದ ಗಾಳಿಯನ್ನು ಹೊಂದಿಕೊಂಡದ್ದು. ಎಷ್ಟನೇ ದಿನ ಮೊದಲ ಚುಕ್ಕೆ ಕಂಡಿತೋ ಗೋಡೆ ಮೇಲೆ ಬರೆದಿಡಿ. ನಿಮ್ಮ ಎಣ್ಣೆ ಹತ್ತು ದಿನ ತಡೆದರೆ, ಕೋವಿಯನ್ನು ವಾರಕ್ಕೊಮ್ಮೆ ಒರೆಸಬೇಕು ಅಂತ ಲೆಕ್ಕ.

ಈಗ ಒರೆಸುವ ಕೆಲಸಕ್ಕೆ ಬರೋಣ. ಎಲ್ಲಕ್ಕೂ ಮೊದಲು ಕೋವಿ ಮುರಿದು, ಎರಡೂ ನಳಿಗೆ ಖಾಲಿ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಳ್ಳಿ. ತೋಟೆಗಳು ಬೇರೆ ಕೋಣೆಯಲ್ಲಿರಲಿ. ಎಣ್ಣೆ ಹತ್ತಿದ ಕೈಯಲ್ಲಿ ತೋಟೆ ಮುಟ್ಟುವುದೂ ಬೇಡ, ಎಣ್ಣೆ ಜಿನುಗಿ ಕೇಪಿನೊಳಗೆ (ತೋಟೆಯ ಹಿಂಬದಿಯ ಕಿಡಿ ಹೊತ್ತಿಸುವ ಬಿಲ್ಲೆಯೊಳಗೆ) ಹೋದರೆ ಅದು ಸಾಯುತ್ತದೆ. ನಳಿಗೆಯ ಕೆಳಗಿರುವ ಮುಂದಿನ ಮರ ಕಳಚಿ ನಳಿಗೆ ಬೇರೆ ಮಾಡಿ. ಗಜಕ್ಕೆ (ನಳಿಗೆಯೊಳಗೆ ತೂರಿಸುವ ಸರಳಿಗೆ) ಹಿತ್ತಾಳೆ ತಂತಿಯ ಬ್ರಷ್ ಸಿಕ್ಕಿಸಿ, ಕೆಂಪು ದ್ರವದಲ್ಲಿ ಅದ್ದಿ, ತೋಟೆ ಹಾಕುವ ಕಡೆಯಿಂದ ಬಾಯಿಯ ಕಡೆಗೆ ಹತ್ತು ಸಲ ಎಳೆಯಿರಿ. ಹತ್ತು ನಿಮಿಷ ಬಿಡಿ. ಹಳೆ ಬನಿಯನ್ ಬಟ್ಟೆಯನ್ನು ಮೂರಿಂಚು ಚೌಕಕ್ಕೆ ಕತ್ತರಿಸಿಟ್ಟುಕೊಂಡು, ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಒಂದೊಂದಾಗಿ ತಳ್ಳಿ. ಕೊನೆಗೆ ಐದಾರು ತೊಟ್ಟು ಎಂಜಿನ್ ಆಯಿಲ್ ಹಾಕಿದ ಒಂದು ಬಟ್ಟೆ ಎರಡೂ ನಳಿಗೆಯಲ್ಲಿ ಹೋಗಿ ಬರಲಿ. ಹೊರಮೈಗೆ ಅದೇ ಬಟ್ಟೆ ಸಾಕು. ಬೆರಳಿಟ್ಟರೆ ಗುರುತು ಕಾಣಬೇಕು, ಎಣ್ಣೆ ಇಳಿಯಬಾರದು.

ಎಣ್ಣೆ ಹೆಚ್ಚಾದರೆ ಒಳ್ಳೆಯದು ಅನ್ನುವವರು ಬಹಳ. ಹೆಚ್ಚಾದ ಎಣ್ಣೆ ಕೋವಿ ನಿಂತಲ್ಲೇ ಕೆಳಗಿಳಿದು ಟ್ರಿಗರ್ ಯಂತ್ರದಲ್ಲಿ ಧೂಳಿನೊಂದಿಗೆ ಸೇರಿ ಕೆಸರಾಗುತ್ತದೆ, ಅಲ್ಲಿಂದ ಮರದ ಹಿಡಿಯ ಕುತ್ತಿಗೆಗೆ ಇಳಿಯುತ್ತದೆ. ಎಣ್ಣೆ ಕುಡಿದ ಮರ ಕಪ್ಪಾಗಿ ಮೆತ್ತಗಾಗುತ್ತದೆ, ಒಂದು ದಿನ ಕುತ್ತಿಗೆಯಲ್ಲೇ ಸೀಳುತ್ತದೆ. ಎಣ್ಣೆ ಹಚ್ಚಿದ ಮೊದಲ ರಾತ್ರಿ ಕೋವಿಯನ್ನು ಬಾಯಿ ಕೆಳಗೆ ಮಾಡಿ, ಚಿಂದಿಯ ಮೇಲೆ ನಿಲ್ಲಿಸಿ. ಮರಕ್ಕೆ ಬೇಕಾದದ್ದು ಅಗಸೆ ಎಣ್ಣೆ. ಅಂಗೈಗೆ ನಾಲ್ಕು ತೊಟ್ಟು ಹಾಕಿ ಬಿಸಿಯಾಗುವಂತೆ ತಿಕ್ಕಿದರೆ ಆಯಿತು. ಅಗಸೆ ಎಣ್ಣೆಯ ಚಿಂದಿಯನ್ನು ಮಾತ್ರ ಮುದ್ದೆ ಮಾಡಿ ಬಿಸಾಡಬೇಡಿ, ಅದು ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ.

ಹಿಡಿದ ತುಕ್ಕಿಗೆ ಹುಣಸೆಹಣ್ಣು, ನಿಂಬೆಹಣ್ಣು ಉಜ್ಜುವುದು ಕಂಡುಬರುತ್ತದೆ. ತಾಮ್ರದ ಚೊಂಬಿಗೆ ಸರಿ. ಕೋವಿಯ ನೀಲಿ ಬಣ್ಣ ಅನ್ನುವುದೂ ಒಂದು ಬಗೆಯ ಕಬ್ಬಿಣದ ಆಕ್ಸೈಡೇ, ಹುಳಿ ಅದನ್ನೂ ಕರಗಿಸಿ ಉಕ್ಕನ್ನು ಬೆತ್ತಲೆ ಮಾಡುತ್ತದೆ. ತುಕ್ಕಿನ ಮೇಲೆ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಸಿ, ತಾಮ್ರದ ತುಂಡಿನ ಅಂಚಿನಿಂದಲೋ ತೀರ ನಯವಾದ ಸ್ಟೀಲ್ ವುಲ್‌ನಿಂದಲೋ ಎಣ್ಣೆ ಸಮೇತ ಮೆಲ್ಲಗೆ ತಿಕ್ಕಿ.

ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯ ಲೆಕ್ಕವೇ ಬೇರೆ. ಅದರ ಕರಿಮದ್ದು ಉರಿದ ಮೇಲೆ ಉಳಿಯುವುದು ಉಪ್ಪುಗಳು. ಅವು ಗಾಳಿಯ ನೀರು ಕುಡಿಯುತ್ತವೆ. ಯಾವ ಎಣ್ಣೆಯೂ ಉಪ್ಪನ್ನು ಕರಗಿಸದು. ಮೇಲೆ ಎಣ್ಣೆ ಬಳಿದರೆ ಉಪ್ಪನ್ನು ಒಳಗೆ ಭದ್ರವಾಗಿ ಮುಚ್ಚಿಟ್ಟಂತೆ, ಖನಿಜ ಎಣ್ಣೆ ಆ ಮಸಿಯೊಂದಿಗೆ ಸೇರಿ ಡಾಂಬರಾಗುತ್ತದೆ. ಅಂದೇ ಸಂಜೆ ಒಂದು ಚೊಂಬು ಕುದಿಯುವ ನೀರು, ಚೂರು ಸೋಪು, ಇದೇ ಮದ್ದು. ಕೇಪು ಕೂರುವ ಮೊಲೆಯನ್ನು ಬಿಚ್ಚಿ ತೊಳೆಯಿರಿ. ಬಿಸಿನೀರಿಗೆ ನಳಿಗೆ ಕಾದಿರುವುದರಿಂದ ಬೇಗ ಒಣಗುತ್ತದೆ. ಪೂರ್ತಿ ಒಣಗಿದ ಮೇಲೆ, ನಳಿಗೆ ಉಗುರು ಬೆಚ್ಚಗಿರುವಾಗಲೇ ಎಣ್ಣೆ.

ಇಡುವ ಜಾಗದ ಬಗ್ಗೆ ಎರಡು ಮಾತು. ಗವಸಿನಲ್ಲಿ, ಅದರಲ್ಲೂ ಚರ್ಮದ ಗವಸಿನಲ್ಲಿ, ಮಳೆಗಾಲ ಪೂರ್ತಿ ಕೋವಿ ಇಡಬೇಡಿ. ಗವಸು ತೇವ ಹೀರಿ ಕೋವಿಗೆ ಕೊಡುತ್ತದೆ. ಬೀಗದ ಬೀರುವಿನ ತಳದಲ್ಲಿ ಹಳೆ ಕಾಲದ 15 ವ್ಯಾಟಿನ ತಂತಿ ಬಲ್ಬು ಉರಿಯುತ್ತಿದ್ದರೆ ಒಳಗಿನ ಗಾಳಿ ಹೊರಗಿಗಿಂತ ತುಸು ಬೆಚ್ಚಗಿದ್ದು ತೇವ ಕೂರುವುದಿಲ್ಲ. ಬಟ್ಟೆ, ಕಾಗದ ಅದಕ್ಕೆ ತಾಗದಂತಿರಲಿ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು, ಅದರಲ್ಲಿ ಅಷ್ಟು ಶಾಖವಿಲ್ಲ.

ಚುನಾವಣೆ ಬಂದಾಗ ಕೋವಿ ಠಾಣೆಯಲ್ಲಿ ಠೇವಣಿ ಇಡುವ ಪ್ರಸಂಗ ಬರುತ್ತದೆ. ಅಲ್ಲಿ ನೂರಾರು ಕೋವಿಗಳ ನಡುವೆ ನಿಮ್ಮದನ್ನು ಯಾರೂ ವಾರಕ್ಕೊಮ್ಮೆ ಒರೆಸುವುದಿಲ್ಲ. ಒಪ್ಪಿಸುವ ಹಿಂದಿನ ದಿನ ಚೆನ್ನಾಗಿ ಒರೆಸಿ, ಎಣ್ಣೆಯ ಬದಲು ವ್ಯಾಸಲೀನ್ ಹಚ್ಚಿ, ಹೊರಗೆ ತೆಳುವಾಗಿ, ನಳಿಗೆಯೊಳಗೆ ಬಟ್ಟೆಯಲ್ಲಿ ಸವರಿ. ನಳಿಗೆಯ ಬಾಯಿಗೆ ಬಟ್ಟೆ ತುರುಕಬೇಡಿ. ಅದು ತೇವ ಹಿಡಿಯುತ್ತದೆ, ತೆಗೆಯಲು ಮರೆತು ಗುಂಡು ಹೊಡೆದರೆ ನಳಿಗೆ ಸಿಡಿಯುತ್ತದೆ. ಒಂದು ಚೀಟಿಯಲ್ಲಿ “ನಳಿಗೆಯೊಳಗೆ ವ್ಯಾಸಲೀನ್ ಇದೆ, ಒರೆಸದೆ ಬಳಸಬಾರದು” ಅಂತ ಬರೆದು ಟ್ರಿಗರ್ ಬಳಿಯ ಬಳೆಗೆ ಕಟ್ಟಿ. ಮರಳಿ ಬಂದ ದಿನ ಆ ಚೀಟಿ ಬಿಚ್ಚುವ ಮೊದಲು ಸೀಮೆಎಣ್ಣೆ ಬಟ್ಟೆ ಎರಡು, ಒಣ ಬಟ್ಟೆ ಮೂರು ಒಳಗೆ ಹಾಯಿಸಿ. ತೋಟೆ ಕೂರುವ ಕೋಣೆ ಒಣಗಿರಬೇಕು. ಅಲ್ಲಿ ಜಿಡ್ಡಿದ್ದರೆ ಹೊಡೆದಾಗ ತೋಟೆ ಗೋಡೆಗೆ ಕಚ್ಚಿಕೊಳ್ಳದೆ ಹಿಂದಕ್ಕೆ ಜಾರಿ, ಪೆಟ್ಟೆಲ್ಲ ಕೋವಿಯ ಬೆನ್ನಿಗೆ ಬೀಳುತ್ತದೆ. ಕಳಚಿಟ್ಟ ನಳಿಗೆಯನ್ನು ಆಕಾಶದ ಬೆಳಕಿಗೆ ಹಿಡಿದು, ಹಿಂದಿನಿಂದ ಕಣ್ಣಿಟ್ಟು ನೋಡಿ. ಎರಡೂ ಕಡೆ ಆ ತುದಿಯವರೆಗೆ ಕಪ್ಪು ಚುಕ್ಕೆಯಿಲ್ಲದ, ಒಂದರೊಳಗೊಂದು ಹೊಳೆಯುವ ಬಳೆಗಳು ಕಂಡರೆ ಮರ ಜೋಡಿಸಿ, ಚೀಟಿ ಬಿಚ್ಚಿ.

ನಮಸ್ಕಾರ.