ಮೋಶೆಯ ಅಣ್ಣ ಆರೋನ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಒಬ್ಬ ಅಣ್ಣನ ಬಗ್ಗೆ ಮಾತಾಡೋಣ. ಯೆಹೂದ್ಯರು, ಕ್ರೈಸ್ತರು ಅವನನ್ನು ಆರೋನ ಎನ್ನುತ್ತಾರೆ. ಮುಸ್ಲಿಮರಿಗೆ ಅವರು ಹಜರತ್ ಹಾರೂನ್. ಇಸ್ರಾಯೇಲ್ಯರನ್ನು ಈಜಿಪ್ಟಿನ ದಾಸ್ಯದಿಂದ ಬಿಡಿಸಿ ಕರೆತಂದ ಅವನ ತಮ್ಮ ಮೋಶೆಯನ್ನು ಎಲ್ಲರೂ ಬಲ್ಲರು. ಅಣ್ಣನ ಹೆಸರೆತ್ತಿದರೆ ಸಾಕು, 'ಚಿನ್ನದ ಕರು ಮಾಡಿದವನು ಅಲ್ವಾ?' ಎಂದು ಕೇಳುತ್ತಾರೆ. ಬೇರೇನೂ ಕೇಳುವುದೇ ಇಲ್ಲ! ನನ್ನ ಮಾತು ಇಷ್ಟೇ: ಆರೋನ ಜನ ಒಡೆದುಹೋಗದ ಹಾಗೆ ನೋಡಿಕೊಂಡವನು. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈಜಿಪ್ಟಿಗೆ ಹೋಗಿ ಅಲ್ಲಿನ ರಾಜ ಫರೋಹನ ಮುಂದೆ ನಿಲ್ಲು ಎಂದು ದೇವರು ಹೇಳಿದಾಗ ಮೋಶೆ ಹಿಂಜರಿದ. 'ನನಗೆ ಮಾತು ಬರುವುದಿಲ್ಲ' ಎಂದ. 'ನಿನ್ನ ಅಣ್ಣ ಚೆನ್ನಾಗಿ ಮಾತಾಡುತ್ತಾನಲ್ಲ, ನಿನ್ನನ್ನು ನೋಡಲು ಬರುತ್ತಿದ್ದಾನೆ, ನೋಡಿ ಖುಷಿಪಡುತ್ತಾನೆ' ಎಂಬ ಉತ್ತರ ಬಂತು. ಆಗ ಅಣ್ಣನಿಗೆ 83 ವರ್ಷ, ತಮ್ಮನಿಗೆ 80. ಆ ವಯಸ್ಸಿನಲ್ಲಿ ತಮ್ಮನ ಹಿಂದೆ ನಿಂತು ಅವನ ಮಾತನ್ನು ಆಡಿಕೊಡುವುದು ಸುಮ್ನೆ ಅಲ್ಲ. ಕುರಾನಿನಲ್ಲಿ ಮೂಸಾ, ಅಂದರೆ ಮೋಶೆ, ಅವರೇ ದೇವರ ಹತ್ತಿರ ಕೇಳಿಕೊಳ್ಳುತ್ತಾರೆ, ನನ್ನ ಸೋದರ ಹಾರೂನರನ್ನು ಜೊತೆಗೆ ಕೊಡು ಎಂದು. ಅಲ್ಲಿ ಹಾರೂನರೂ ಪ್ರವಾದಿಯೇ.

ಸರಿ, ಆ ಕರುವಿನ ಕಥೆಗೇ ಬರೋಣ. ಮೋಶೆ ಸೀನಾಯಿ ಬೆಟ್ಟ ಹತ್ತಿದವನು 40 ದಿನ ಇಳಿದು ಬರಲಿಲ್ಲ. ಕೆಳಗೆ ಜನ ಕಂಗಾಲು. 'ಅವನೇನಾದನೋ, ನಮಗೊಂದು ದೇವರನ್ನು ಮಾಡಿಕೊಡು' ಎಂದು ಆರೋನನನ್ನು ಮುತ್ತಿಕೊಂಡರು. ಅವನು ಕಿವಿಯೋಲೆಗಳನ್ನು ತರಿಸಿದ, ಕರು ಎರಕ ಹೊಯ್ದ. ತಮ್ಮ ಬಂದು ಕೇಳಿದಾಗ ಏನೆಂದ ಗೊತ್ತೇ? 'ಚಿನ್ನವನ್ನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು!' ಇಷ್ಟು ಬಡಪಾಯಿ ಸಬೂಬು ಬೈಬಲಿನಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ. ಯೆಹೂದಿ ಗುರುಗಳು ಅವನ ಪರ ನಿಲ್ಲುತ್ತಾರೆ. ಅಡ್ಡ ಬಂದ ಹೂರ ಎಂಬ ಮುಖಂಡನನ್ನು ಜನ ಕೊಂದುಹಾಕಿದ್ದರು, ಅದನ್ನು ಕಂಡೇ ಆರೋನ ಮಣಿದ ಎನ್ನುತ್ತಾರೆ.

ಕುರಾನಿನಲ್ಲಿ ಕರು ಮಾಡಿದವನು ಸಾಮಿರಿ ಎಂಬಾತ. ಹಾರೂನರು 'ಬೇಡ, ಇದು ನಿಮಗೆ ಪರೀಕ್ಷೆ' ಎಂದು ತಡೆದರು. ಜನ ಕೇಳಲಿಲ್ಲ. ಬೆಟ್ಟದಿಂದ ಬಂದ ಮೂಸಾ ಸಿಟ್ಟಿನಲ್ಲಿ ಅಣ್ಣನ ತಲೆಗೂದಲನ್ನೂ ಗಡ್ಡವನ್ನೂ ಹಿಡಿದು ಎಳೆದರು. ಆಗ ಹಾರೂನರು ಹೇಳಿದ್ದನ್ನು ಕೇಳಿ. 'ನನ್ನ ತಾಯಿಯ ಮಗನೇ, ಗಡ್ಡ ಬಿಡು, ತಲೆ ಬಿಡು. ಇಸ್ರಾಯೇಲ್ಯರಲ್ಲಿ ಒಡಕು ತಂದೆ ಎಂದು ನೀನು ಅನ್ನಬಹುದೆಂದು ಹೆದರಿದೆ.' ನೋಡಿದಿರಾ? ಗಡ್ಡ ತಮ್ಮನ ಮುಷ್ಟಿಯಲ್ಲಿ, ಆಗಲೂ ಚಿಂತೆ ಒಡಕಿನದೇ. 'ಜನ ನನ್ನನ್ನು ಕೊಂದೇಬಿಡುತ್ತಿದ್ದರು' ಎಂದೂ ಇನ್ನೊಂದು ಕಡೆ ಹೇಳುತ್ತಾರೆ.

ಯೆಹೂದಿ ಹಿರಿಯರು ಹೇಳುವ ಇನ್ನೊಂದು ಕಥೆ ನನಗೆ ಬಹಳ ಇಷ್ಟ. ಇಬ್ಬರು ಜಗಳವಾಡಿ ಮಾತು ಬಿಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಆರೋನ ಮೊದಲನೆಯವನ ಮನೆಗೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದನಂತೆ. 'ಪಾಪ, ನಿನ್ನ ಗೆಳೆಯ ಎದೆ ಬಡಿದುಕೊಳ್ಳುತ್ತಿದ್ದಾನೆ. ತಪ್ಪು ನನ್ನದೇ, ಅವನ ಮುಖ ಹೇಗೆ ನೋಡಲಿ ಅಂತಿದ್ದಾನೆ' ಎನ್ನುತ್ತಿದ್ದ. ಅವನ ಸಿಟ್ಟು ಪೂರ್ತಿ ಇಳಿಯುವವರೆಗೂ ಅಲ್ಲಿಂದ ಏಳುತ್ತಿರಲಿಲ್ಲ. ಆಮೇಲೆ ಇನ್ನೊಬ್ಬನ ಮನೆ, ಅಲ್ಲೂ ಅದೇ ಮಾತು. ಮುಂದೆ ದಾರಿಯಲ್ಲಿ ಎದುರಾದಾಗ ಇಬ್ಬರೂ ತಬ್ಬಿಕೊಳ್ಳುತ್ತಿದ್ದರು. ಹೌದು, ಅದು ಸುಳ್ಳೇ. ಆದರೂ ಗುರುಗಳು ಆ ಕಥೆಯನ್ನು ಮೆಚ್ಚಿಕೊಂಡೇ ಹೇಳುತ್ತಾರೆ. ಗಂಡ ಹೆಂಡತಿಯರನ್ನೂ ಹೀಗೆಯೇ ಒಂದು ಮಾಡುತ್ತಿದ್ದನಂತೆ. ಆಮೇಲೆ ಹುಟ್ಟಿದ ಮಕ್ಕಳಿಗೆ ಆರೋನ ಎಂದೇ ಹೆಸರಿಡುತ್ತಿದ್ದರು, ಹಾಗೆ ಸಾವಿರಾರು ಆರೋನರಿದ್ದರು ಎನ್ನುತ್ತಾರೆ.

ಸಮಯ ಓಡುತ್ತಿದೆ. ಆರೋನ ಇಸ್ರಾಯೇಲ್ಯರ ಮಹಾಯಾಜಕ, ಅಂದರೆ ಹಿರಿಯ ಪೂಜಾರಿ. ಆ ಉಡುಪಿನ ಬಗ್ಗೆ ಒಂದೇ ಮಾತು: ಎದೆಯ ಮೇಲೆ 12 ಕಲ್ಲು, ಒಂದೊಂದರ ಮೇಲೂ ಇಸ್ರಾಯೇಲ್ಯರ ಒಂದೊಂದು ಕುಲದ ಹೆಸರು. ದೇವರ ಗುಡಾರದೊಳಗೆ ಹೋಗುವಾಗ 12 ಕುಲಗಳನ್ನೂ ಎದೆಯ ಮೇಲೆ ಹೊತ್ತೇ ಹೋಗಬೇಕು. ಮತ್ತೆ ಅದೇ ಮಾತು ಬಂತಲ್ಲ! ಅವನ ಕೋಲು ಚಿಗುರಿ ಬಾದಾಮಿ ಬಿಟ್ಟದ್ದು, ಇಬ್ಬರು ಗಂಡುಮಕ್ಕಳು ಬೆಂಕಿಗೆ ಬಲಿಯಾದದ್ದು ಇನ್ನೊಮ್ಮೆ ಹೇಳುತ್ತೇನೆ.

ಅವನು 123ನೇ ವಯಸ್ಸಿನಲ್ಲಿ ಹೋರ್ ಬೆಟ್ಟದ ಮೇಲೆ ತೀರಿಕೊಂಡ. ಅದಕ್ಕೂ ಮುಂಚೆ ಮೋಶೆ ಆ ಉಡುಪನ್ನು ಬಿಚ್ಚಿ ಆರೋನನ ಮಗ ಎಲ್ಲಾಜಾರನಿಗೆ ತೊಡಿಸಿದ. ಜನರೆಲ್ಲ 30 ದಿನ ಅತ್ತರು. ಜೋರ್ಡಾನಿನ ಪೆಟ್ರಾ ಹತ್ತಿರ ಹಾರೂನರ ಬೆಟ್ಟ ಎಂದೇ ಒಂದಿದೆ, ತುದಿಯಲ್ಲಿ ಬಿಳಿ ಗುಮ್ಮಟದ ಗೋರಿ. ಪೆಟ್ರಾಕ್ಕೆ ಹೋಗುವವರು ಕಲ್ಲಿನ ಕಟ್ಟಡಗಳ ಫೋಟೋ ತೆಗೆದು ವಾಪಸ್ ಬರುತ್ತಾರೆ. ನೀವು ಹೋದರೆ ದಯವಿಟ್ಟು ಆ ಬೆಟ್ಟವನ್ನೂ ಹತ್ತಿ ಬನ್ನಿ. ನೀರು ಜಾಸ್ತಿ ಇಟ್ಟುಕೊಳ್ಳಿ. ನಮಸ್ಕಾರ.