ಬೀಡಿ ಸುತ್ತುವವರ ಹತ್ತು ಸಾವಿರ ಮನೆ

ಎಲ್ಲರಿಗೂ ನಮಸ್ಕಾರ.

ಬಡವರ ವಸತಿಯ ಬಗ್ಗೆ ಮಾತನಾಡಬೇಕೆಂದು ಕರೆದಾಗ ಅಂಕಿಅಂಶಗಳ ಗಂಟು ಹೊತ್ತು ಬರೋಣವೆಂದಿದ್ದೆ. ಆಮೇಲೆ ಒಂದೇ ಊರಿನ ಕಥೆ ಸಾಕು ಎನ್ನಿಸಿತು. ಊರೇನು ದೂರದ್ದಲ್ಲ. ವಿಜಯಪುರದಲ್ಲಿ ಬಸ್ ಹತ್ತಿ ಭೀಮೆ ದಾಟಿದರೆ ಸಿಗುವ, ಸಿದ್ಧರಾಮ ಶರಣರು ಕೆರೆ ಕಟ್ಟಿಸಿದ ಸೊಲ್ಲಾಪುರ.

ಅಲ್ಲಿನ ಹೆಣ್ಣುಮಕ್ಕಳು ಬೀಡಿ ಸುತ್ತುವುದನ್ನು ಹತ್ತಿರದಿಂದ ನೋಡಿದ್ದೀರಾ? ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆತ್ತಗಾಗಿಸಬೇಕು. ತಗಡಿನ ಅಳತೆ ಇಟ್ಟು ಕತ್ತರಿಸಬೇಕು. ಆಮೇಲೆ ತೊಡೆಯ ಮೇಲೆ ಮೊರ, ಮೊರದಲ್ಲಿ ಎಲೆ, ತಂಬಾಕು, ದಾರ. ಸುತ್ತಿ, ತುದಿ ಮಡಚಿ, ದಾರ ಬಿಗಿದು ಕಟ್ಟು ಮಾಡಬೇಕು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಬೆಳಕಿರುವ ಹೊಸ್ತಿಲು ಸಿಕ್ಕರೆ ಕೈ ಓಡುತ್ತದೆ. ಸೋರುವ ಗುಡಿಸಲಿನಲ್ಲಿ ತಂಬಾಕು ಒದ್ದೆಯಾದರೆ ಅವತ್ತಿನ ದುಡಿಮೆ ಹೋಯಿತು. ಈ ಹೆಣ್ಣುಮಕ್ಕಳು ಮನೆ ಕೇಳುವುದೂ ಒಂದೇ, ಕೆಲಸಕ್ಕೆ ಕೂರುವ ಜಾಗ ಕೇಳುವುದೂ ಒಂದೇ.

ಅವರನ್ನು ಒಟ್ಟುಗೂಡಿಸಿದ್ದು ಎಡಪಂಥದ ಸಿಐಟಿಯು ಕಾರ್ಮಿಕ ಸಂಘಟನೆ. ಮುಂದೆ ನಿಂತವರು ಮಾಜಿ ಶಾಸಕ ನರಸಯ್ಯ ಆಡಂ. ಊರವರಿಗೆ ಅವರು ಆಡಂ ಮಾಸ್ತರ್. ಮೊದಲು ಹುಟ್ಟಿದ್ದು ಸಹಕಾರ ಸಂಘ. ಜಮೀನು, ಅನುದಾನ, ಇಟ್ಟಿಗೆ ಎಲ್ಲ ಆಮೇಲೆ. ಒಂದು ಮನೆಗೆ ಸುಮಾರು 60,000 ರೂಪಾಯಿ, ಮೂರು ಸಮಪಾಲು: ಕೇಂದ್ರದ್ದೊಂದು ಪಾಲು, ರಾಜ್ಯದ್ದೊಂದು, ಕಾರ್ಮಿಕಳದ್ದೊಂದು. ವರ್ಷಗಟ್ಟಲೆ ಮೋರ್ಚಾ, ಮನವಿ, ಅಲೆದಾಟ. ಕೊನೆಗೆ 2006ರಲ್ಲಿ ನಗರದ ಹೊರಗಿನ ಕುಂಭಾರಿಯಲ್ಲಿ 10,000 ಮನೆಗಳನ್ನು ಪ್ರಧಾನಿ ಮನಮೋಹನ ಸಿಂಗ್ ಹಸ್ತಾಂತರಿಸಿದರು. ಬಡಾವಣೆಗೆ ವಾರ್ಲಿ ಆದಿವಾಸಿಗಳನ್ನು ಸಂಘಟಿಸಿದ ಗೋದೂತಾಯಿ ಪರುಳೇಕರ್ ಅವರ ಹೆಸರು. ಮುಂದೆ ಇದೇ ದಾರಿಯಲ್ಲಿ ರಾಯನಗರದ 30,000 ಮನೆಗಳ ಯೋಜನೆ ಬಂತು. 2024ರ ಜನವರಿಯಲ್ಲಿ ಅದರ 15,000 ಮನೆಗಳನ್ನು ಪ್ರಧಾನಿ ನರೇಂದ್ರ ಮೋದಿ ಫಲಾನುಭವಿಗಳಿಗೆ ಒಪ್ಪಿಸಿದರು. ಕೆಂಬಾವುಟದವರು ಕೇಳಿದ ಮನೆಯ ಬೀಗದ ಕೈಯನ್ನು ಬೇರೆ ಬೇರೆ ಪಕ್ಷದ ಇಬ್ಬರು ಪ್ರಧಾನಿಗಳು ಕೊಟ್ಟರು. ರಾಜಕೀಯದಲ್ಲಿ ಇಂಥ ತಮಾಷೆಗಳೂ ನಡೆಯುತ್ತವೆ.

ಮೊದಲು ಸಂಘ, ಆಮೇಲೆ ಇಟ್ಟಿಗೆ ಎಂಬ ಈ ಕ್ರಮ ಸರ್ಕಾರಿ ಯೋಜನೆಗಳಲ್ಲಿ ಸಾಮಾನ್ಯವಾಗಿ ತಿರುವುಮುರುವು. ಮೊದಲು ಕಟ್ಟಡ ಏಳುತ್ತದೆ, ಆಮೇಲೆ ಪಟ್ಟಿ ಹಿಡಿದು ಫಲಾನುಭವಿಯನ್ನು ಹುಡುಕುತ್ತಾರೆ. ಅವಳು ಬರುವ ಹೊತ್ತಿಗೆ ಅಡುಗೆಮನೆ ಎಲ್ಲಿರಬೇಕೆಂದು ಯಾರೋ ತೀರ್ಮಾನಿಸಿಯಾಗಿರುತ್ತದೆ.

ಸೊಲ್ಲಾಪುರದ್ದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಎಣಿಸುವವಳಿಗೆ ತನ್ನ ಪಾಲಿನ 20,000 ರೂಪಾಯಿ ಸಣ್ಣ ಮೊತ್ತವಲ್ಲ. ಅಷ್ಟೂ ಹೊಂದಿಸಲಾಗದವರು ಇಂಥ ಸಂಘದ ಬಾಗಿಲಿಗೇ ಬರುವುದಿಲ್ಲ. ಮನೆ ಊರ ಹೊರಗಾದರೆ ಎಲೆ ಅಲ್ಲಿಗೆ ಹೋಗಬೇಕು, ಕಟ್ಟಿದ ಬೀಡಿ ವಾಪಸು ಬರಬೇಕು. ನಡುವೆ ಬಸ್ ಚಾರ್ಜು.

ಇನ್ನೊಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಷ್ಟ ಬಂದಾಗ ಮನೆ ಮಾರಿದರೆ? ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ 1968ರ ವಸತಿ ಕಾನೂನಿನ ಅಡಿಯಲ್ಲಿ ಬೆಳೆದ ಸಹಕಾರ ಸಂಘಗಳು ಇದಕ್ಕೊಂದು ದಾರಿ ಕಂಡುಕೊಂಡಿವೆ. ಕುಟುಂಬದವರು ವಾರಕ್ಕೆ ಇಂತಿಷ್ಟು ಗಂಟೆ ಕಟ್ಟಡದ ಕೆಲಸಕ್ಕೆ ತಾವೇ ಇಳಿಯುತ್ತಾರೆ. ಹಲವು ಸಂಘಗಳಲ್ಲಿ ಮನೆ ಸಂಘದ್ದೇ; ಸದಸ್ಯರಿಗೆ ವಾಸದ ಹಕ್ಕು, ಅದು ಮಕ್ಕಳಿಗೂ ಸಲ್ಲುತ್ತದೆ. ಬಿಟ್ಟು ಹೋಗುವವರಿಗೆ ಅವರ ಪಾಲಿನ ಹಣ ಸಿಗುತ್ತದೆ, ಮಾರುಕಟ್ಟೆಯ ಬೆಲೆ ಸಿಗುವುದಿಲ್ಲ. ಲೆಕ್ಕಕ್ಕೆ ಸರಿ. ಆದರೆ ಹುಟ್ಟಿದಾಗಿನಿಂದ ಮೊದಲ ಬಾರಿಗೆ ತನ್ನ ಹೆಸರಿನ ಮನೆಪತ್ರ ಕಂಡವಳಿಗೆ, 'ತಾಯಿ, ಅದು ಸಂಘದ ಹೆಸರಿನಲ್ಲೇ ಇರಲಿ' ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಸಭೆಯಲ್ಲಿ ಇಂಜಿನಿಯರುಗಳಿದ್ದೀರಿ. ಊಟದ ನಂತರ ನಿಮ್ಮ ನಕ್ಷೆಗಳನ್ನು ಈ ಮೇಜಿನ ಮೇಲೆ ಹರಡಿ. ಎಲೆ ನೆನೆಹಾಕುವ ಬಕೆಟ್ ಎಲ್ಲಿ, ಮೊರ ಇಟ್ಟುಕೊಂಡು ಕೂರುವ ಹೊಸ್ತಿಲು ಯಾವುದು, ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿ ಬೆಳಕು ಬೀಳುತ್ತದೆಯೇ ಎಂಬುದನ್ನು ಒಟ್ಟಿಗೆ ನೋಡೋಣ.