ಶೇಕಡಾ ನೂರರ ಹಿಂದೆ ಎಷ್ಟು ಮಕ್ಕಳು?

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ, ಮೇಷ್ಟ್ರುಗಳಿಗೆ, ಮಕ್ಕಳ ತಾಯಂದಿರಿಗೆ ನಮಸ್ಕಾರ. ಪೀಠಿಕೆ ಬೇಡ, ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನ ನಾವು ಕಟ್ಟುವ ಬ್ಯಾನರಿನಿಂದಲೇ ಶುರುಮಾಡುತ್ತೇನೆ.

2025ರ ಪರೀಕ್ಷೆ-1ರಲ್ಲಿ, ಅಂದರೆ ಮೊದಲ ಸುತ್ತಿನ ಪರೀಕ್ಷೆಯಲ್ಲಿ, ದಕ್ಷಿಣ ಕನ್ನಡಕ್ಕೆ ಶೇ. 91.12 ಬಂತು, ಕಲಬುರಗಿಗೆ ಶೇ. 42.43. ಅವು ಸಾವಿರಾರು ಮಕ್ಕಳ ಲೆಕ್ಕ, ಆ ಅಂತರಕ್ಕೆ ಅರ್ಥವಿದೆ. ಹೋಬಳಿಯ ಸಣ್ಣ ಹೈಸ್ಕೂಲಿನ ಮಾತು ಬೇರೆ. ಹತ್ತನೇ ತರಗತಿಯಲ್ಲಿ 14 ಮಕ್ಕಳಿದ್ದರೆ, ಒಬ್ಬನಿಗೆ ಗಣಿತ ಕೈಕೊಟ್ಟರೂ ಸಾಕು, 100 ಇದ್ದದ್ದು 92.86ಕ್ಕೆ ಇಳಿಯುತ್ತದೆ. ಶಾಲೆ ಅಷ್ಟು ಕೆಟ್ಟಿತೇ? ಇಲ್ಲ, ಒಬ್ಬ ಹುಡುಗ ಫೇಲಾದ. ಅದಕ್ಕೇ ಮೂರು ವರ್ಷದ ಮಕ್ಕಳನ್ನು ಒಟ್ಟು ಸೇರಿಸಿ ಎಣಿಸಿ.

ಈಗ ಭಾಗಿಸುವ ಸಂಖ್ಯೆಗೆ ಬನ್ನಿ. ದಾಖಲಾತಿ ವಹಿ ತೆಗೆಯಿರಿ. ಎಂಟನೇ ತರಗತಿಗೆ 28 ಮಕ್ಕಳು ಸೇರಿದ್ದರು ಅಂತಿಟ್ಟುಕೊಳ್ಳಿ. ಪರೀಕ್ಷೆಗೆ ಕೂತವರು 20, ಪಾಸಾದವರು 18. ಬ್ಯಾನರಿನಲ್ಲಿ ಶೇ. 90. ಸೇರಿದವರ ಮೇಲೆ ಲೆಕ್ಕ ಹಾಕಿದರೆ ಶೇ. 64.29. ನಡುವೆ ಜಾರಿದ ಆ ಎಂಟು ಮಕ್ಕಳ ಬಗ್ಗೆಯೇ ನನ್ನ ಇಡೀ ಮಾತು. ಟಿಸಿ ಒಯ್ದವರನ್ನು ಸುಮ್ಮನೆ ಕಳೆಯಬೇಡಿ. ಬೇರೆ ಶಾಲೆಗೆ ಸೇರಿದ್ದು ಖಾತ್ರಿಯಾದರೆ ಮಾತ್ರ ಕಳೆಯಿರಿ.

ಉಳಿದವರು ಎಲ್ಲಿ? ಹಾಜರಿ ಪುಸ್ತಕ ಬಿಡಿಸಿ, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ನೋಡಿ. ದಸರಾ ರಜೆ ಮುಗಿದ ಮೇಲೆ ಒಂದೇ ತಾಂಡಾದ ನಾಲ್ಕು ಹೆಸರಿನ ಮುಂದೆ ಸಾಲಾಗಿ ಗೈರು ಕಂಡರೆ, ಅದು ಗುಳೆ. ಅಪ್ಪ ಅಮ್ಮ ಕಬ್ಬು ಕಡಿಯಲು ಹೋಗಿದ್ದಾರೆ, ಮಗು ಜೊತೆಗಿದೆ. ಯುಗಾದಿಗೆ ವಾಪಸ್ ಬರುವಷ್ಟರಲ್ಲಿ ಶೇ. 75ರ ಹಾಜರಾತಿ ಕೈತಪ್ಪಿರುತ್ತದೆ, ಪರೀಕ್ಷೆಗೆ ಅರ್ಹತೆಯೇ ಇಲ್ಲ. ಮಾರ್ಚಿನಲ್ಲಿ ವಿಶೇಷ ತರಗತಿ ನಡೆಸಿ ಏನು ಬಂತು? ಅಜ್ಜಿಯ ಮನೆಯೋ ಹಾಸ್ಟೆಲೋ, ಆ ಮಗು ಉಳಿಯುವ ಏರ್ಪಾಡು ಸೆಪ್ಟೆಂಬರಿನಲ್ಲೇ ಆಗಬೇಕು.

ಗಂಡುಹುಡುಗರ ಅಮ್ಮಂದಿರೇ, ಇದನ್ನು ಕೇಳಿ. 2025ರ ಅದೇ ಪರೀಕ್ಷೆ-1ರಲ್ಲಿ ಇಡೀ ರಾಜ್ಯದಲ್ಲಿ ಪಾಸಾದ ಹೆಣ್ಣುಮಕ್ಕಳು ಶೇ. 74, ಹುಡುಗರು ಶೇ. 58.07. ಹುಡುಗನ ಗೈರನ್ನು ‘ಹೊಲಕ್ಕೆ ಹೋಗಿದ್ದಾನೆ ಬಿಡಿ’ ಅಂತ ನಾವೇ ಮಾಫಿ ಮಾಡುತ್ತೇವೆ.

ಮನೆಮಾತನ್ನೂ ಬರೆದಿಟ್ಟುಕೊಳ್ಳಿ. ಲಂಬಾಣಿ ಆಡುವ ಮಗು ಎಂಟಕ್ಕೆ ಬಂದಾಗ ಕನ್ನಡ ತಡವರಿಸಿ ಓದಿದರೆ, ವಿಜ್ಞಾನದ ಪ್ರಶ್ನೆಯೇ ಅದಕ್ಕೆ ದಕ್ಕುವುದಿಲ್ಲ. ಜೂನ್ ಮೊದಲ ವಾರ ಪ್ರತಿ ಮಗುವನ್ನೂ ಕರೆದು ಒಂದು ಪ್ಯಾರಾ ಓದಿಸಿ, ಒಂದು ಭಾಗಾಕಾರ ಮಾಡಿಸಿ. ಎಲ್ಲಿ ನಿಂತಿತು ಅಂತ ಹೆಸರಿನ ಮುಂದೆ ಬರೆಯಿರಿ.

ಇನ್ನು ಐದೇ ನಿಮಿಷ ಅಂತ ಚೀಟಿ ಬಂತು. ಖಾಲಿ ಹುದ್ದೆ, ಅತಿಥಿ ಶಿಕ್ಷಕರ ವಿಷಯ ಪ್ರಶ್ನೋತ್ತರದಲ್ಲಿ ನೋಡೋಣ. ಒಂದು ಎಚ್ಚರಿಕೆ: ಜಾತಿವಾರು ಫಲಿತಾಂಶವನ್ನು ಗೋಡೆಗೆ ಅಂಟಿಸಬೇಡಿ. ಒಂದು ಗುಂಪಿನಲ್ಲಿ ಇಬ್ಬರೇ ಇದ್ದರೆ, ಫೇಲಾದವರು ಯಾರು ಅಂತ ಇಡೀ ಊರಿಗೆ ಗೊತ್ತಾಗುತ್ತದೆ. ಅದು ಸಭೆಯ ವಹಿಯಲ್ಲಿರಲಿ. ಫೇಲಾಗಿ ಪರೀಕ್ಷೆ-2ಕ್ಕೆ (ಎರಡನೇ ಸುತ್ತಿಗೆ) ಕೂರಬೇಕಾದವರ ಮನೆಗೆ ಮಾತ್ರ ಈ ವಾರವೇ ಯಾರಾದರೂ ಹೋಗಿ ಬನ್ನಿ.